ಬೇಡವೆಂದು ನೋಂದಾಯಿಸಿದರೂ ನಿಲ್ಲದ ಮಾರಾಟದ ಕರೆಗಳು

ಮಾನ್ಯರೇ,

ನಾನು ರಾತ್ರಿ ಪಾಳಿಯಲ್ಲಿ ದುಡಿಯುವ ಶುಶ್ರೂಷಕಿ. ಎಲ್ಲರೂ ಕೆಲಸಕ್ಕೆ ಹೊರಡುವ ಹೊತ್ತಿಗೆ ಮನೆಗೆ ಬಂದು ಮಲಗುತ್ತೇನೆ. ನಿದ್ದೆ ಹತ್ತುವಷ್ಟರಲ್ಲಿ ಫೋನ್ ಬಡಿದುಕೊಳ್ಳುತ್ತದೆ: ‘ಮೇಡಂ, ನಿಮಗೆ ವೈಯಕ್ತಿಕ ಸಾಲ ಮಂಜೂರಾಗಿದೆ.’ ನಾನು ಕೇಳಿಯೇ ಇರದ ಸಾಲ! ಹನ್ನೊಂದೂವರೆಗೆ ಕ್ರೆಡಿಟ್ ಕಾರ್ಡ್, ಒಂದು ಗಂಟೆಗೆ ನಿವೇಶನ. ಕಳೆದ ತಿಂಗಳು ಒಂದು ವಾರ ಇಂಥ ಕರೆಗಳನ್ನೆಲ್ಲ ದಿಂಬಿನ ಪಕ್ಕದ ಪುಸ್ತಕದಲ್ಲಿ ಬರೆದಿಟ್ಟೆ. ಇಪ್ಪತ್ತಮೂರು ಆದವು.

ಫೋನ್ ಆಫ್ ಮಾಡಿ ಮಲಗಬಾರದೇ ಎನ್ನುತ್ತಾರೆ. ಬೇರೆ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ, ಹೇಗೆ ಆಫ್ ಮಾಡಲಿ? ಗೊತ್ತಿಲ್ಲದ ಸಂಖ್ಯೆಗಳು ಸದ್ದು ಮಾಡದಂತೆ ಮಾಡಿಯೂ ನೋಡಿದೆ. ನಾಲ್ಕನೆಯ ದಿನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು. ಪಕ್ಕದ ಮನೆಯವರು ತಮ್ಮ ಫೋನಿನಿಂದ ಮೂರು ಬಾರಿ ಕರೆ ಮಾಡಿದ್ದರು. ಆ ಸಂಖ್ಯೆ ನನ್ನಲ್ಲಿ ಇರಲಿಲ್ಲ. ನಾನು ಎದ್ದು ನೋಡುವಷ್ಟರಲ್ಲಿ ಎರಡೂವರೆ ಗಂಟೆ ಕಳೆದಿತ್ತು. ಮಣಿಕಟ್ಟಿನ ಮೂಳೆ ಮುರಿದ ಅಮ್ಮ ಅಷ್ಟು ಹೊತ್ತೂ ನನ್ನ ದಾರಿ ಕಾದಿದ್ದರು. ಅಂದಿನಿಂದ ಎಲ್ಲ ಕರೆಗಳನ್ನೂ ಎತ್ತುತ್ತಿದ್ದೇನೆ.

ನಿಯಮಗಳೇ ಇಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) 2018ರ ನಿಯಮಾವಳಿಯಿದೆ. 1909ಕ್ಕೆ ಕರೆ ಮಾಡಿ ಜಾಹೀರಾತಿನ ಕರೆಗಳು ಬೇಡವೆಂದು ನೋಂದಾಯಿಸಬಹುದು. ನಾನು ನೋಂದಾಯಿಸಿ ಬಹಳ ಕಾಲವಾಯಿತು. ಪ್ರಚಾರದ ಕರೆಗಳು 140ರಿಂದ ಆರಂಭವಾಗುವ ಸಂಖ್ಯೆಗಳಿಂದ ಬರಬೇಕು. ಆದರೆ ನನ್ನ ಪುಸ್ತಕದಲ್ಲಿರುವ ಇಪ್ಪತ್ತಮೂರರಲ್ಲಿ ಇಪ್ಪತ್ತೊಂದು ನಮ್ಮ ನಿಮ್ಮ ಸಂಖ್ಯೆಗಳಂತಹ ಸಾಮಾನ್ಯ ಮೊಬೈಲ್ ಸಂಖ್ಯೆಗಳು. 2025ರ ಫೆಬ್ರುವರಿಯ ತಿದ್ದುಪಡಿ ದೂರು ಕೊಡುವ ಅವಧಿಯನ್ನು ಮೂರು ದಿನಗಳಿಂದ ಏಳು ದಿನಗಳಿಗೆ ಏರಿಸಿದೆ. ಪ್ರಚಾರದ ಕರೆಗೆಂದು ನೋಂದಾಯಿಸದ ಇಂಥ ಸಂಖ್ಯೆಗಳ ಮೇಲೆ ಐದು ದಿನಗಳಲ್ಲಿ ಕ್ರಮ ಕೈಗೊಳ್ಳಬೇಕೆಂದೂ ಹೇಳಿದೆ. ಇದು ಒಳ್ಳೆಯದೇ. ವಾರದ ರಜೆಯಲ್ಲಿ ಕುಳಿತು ಒಂದೊಂದೇ ದೂರು ದಾಖಲಿಸುವ ನನ್ನಂಥವರಿಗೆ ಆ ಏಳು ದಿನಗಳು ನಿಜಕ್ಕೂ ಬೇಕಿದ್ದವು.

ಆದರೆ ನನ್ನ ದೂರಿಗೆ ಬರುವ ಉತ್ತರ ಆ ಸಂಖ್ಯೆಯ ಬಗ್ಗೆ ಮಾತ್ರ. ಮರುದಿನ ಅದೇ ನಿವೇಶನ, ಅದೇ ಮಾತು, ಬೇರೆ ಸಂಖ್ಯೆಯಿಂದ. ಫೋನಿನ ಆ ತುದಿಯಲ್ಲಿರುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಮಕ್ಕಳು, ದಿನಕ್ಕೆ ಇಷ್ಟು ಕರೆ ಮಾಡಲೇಬೇಕೆಂಬ ಒತ್ತಡದಲ್ಲಿ ಇರುವವರು. ಅವರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ‘ನನ್ನ ಸಂಖ್ಯೆ ನಿಮಗೆ ಯಾರು ಕೊಟ್ಟರು?’ ಎಂದಷ್ಟೇ ಕೇಳುತ್ತೇನೆ. ತಕ್ಷಣ ಕರೆ ಕಡಿದುಹೋಗುತ್ತದೆ.

ಟ್ರಾಯ್ ಮತ್ತು ದೂರವಾಣಿ ಕಂಪನಿಗಳಲ್ಲಿ ನನ್ನ ಮನವಿ ಇಷ್ಟು. ಬೇಡವೆನ್ನುವ ಕೆಲಸವನ್ನು ನಮ್ಮ ಮೇಲೆ ಹೊರಿಸಬೇಡಿ. ಬೇಕೆಂದು ತಾವಾಗಿ ಕೇಳಿದವರಿಗೆ ಮಾತ್ರ ಇಂಥ ಕರೆ ಹೋಗಲಿ. ಆ್ಯಪ್‌ನ ಷರತ್ತುಗಳ ನಡುವೆ ಎಲ್ಲೋ ಒತ್ತಿದ ಒಂದು ಗುರುತನ್ನು ಒಪ್ಪಿಗೆಯೆಂದು ಎಣಿಸಬೇಡಿ. ದೂರು ಕೊಟ್ಟಾಗ ಯಾವ ಸಂಖ್ಯೆ ಕಡಿತವಾಯಿತು ಎಂಬುದರ ಜೊತೆಗೆ, ಯಾರ ಸಾಲ, ಯಾರ ನಿವೇಶನ ಮಾರಲು ಆ ಕರೆ ಬಂದಿತ್ತು, ಅವರ ಮೇಲೆ ಏನು ಕ್ರಮವಾಯಿತು ಎಂಬುದನ್ನೂ ನಮಗೆ ತಿಳಿಸಿ.

– ರಾತ್ರಿ ಪಾಳಿಯ ಶುಶ್ರೂಷಕಿ