ಲ್ಯಾಕ್ ಸೂಲ್ ದಂಡೆಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಲ್ಯಾಕ್ ಸೂಲ್ ಸರೋವರದ ಈ ಮೀನು ಹಿಡಿಯೋರ ಲಾಡ್ಜಿನಲ್ಲಿ ದಿನವಿಡೀ ಏನ್ ಕೆಲಸ ಮಾಡ್ತೀಯ, ಮೀನು ಹ್ಯಾಗೆ ಸಿಗುತ್ತೆ ಅಂತ ನೀನು ಕೇಳಿದ್ದೆ. ಇವತ್ತು ಗಾಳಿ ಜೋರು, ದೋಣಿಗಳೆಲ್ಲ ಬೇಗ ವಾಪಸ್ ಬಂದವು. ಅದಕ್ಕೇ ಬರೆಯೋಕೆ ಪುರುಸೊತ್ತು.

ಆಗಸ್ಟ್ ಮುಗೀತಾ ಬಂತು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಈ ವಾಯವ್ಯ ಮೂಲೆಯಲ್ಲಿ ಬೆಳಗ್ಗೆ ಸ್ವೆಟರ್ ಇಲ್ಲದೆ ಹೊರಗೆ ಬರೋ ಹಾಗಿಲ್ಲ. ಕತ್ತಲಿರುವಾಗಲೇ ಎದ್ದು ಕಾಫಿಗೆ ಇಟ್ಟು, ದೋಣಿಯೊಳಗಿನ ಮಳೆನೀರು ಚೆಲ್ಲಿ, ಪೆಟ್ರೋಲ್ ತುಂಬಿಸಿ, ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಕಡೆಯಿಂದ ಬಂದವರಿಗೆ ಗಾಳಕ್ಕೆ ಸಿಕ್ಕಿಸೋ ಮಿನ್ನೋ ಅನ್ನೋ ಪುಟ್ಟ ಮೀನುಗಳನ್ನೂ ಜಿಗಣೆಗಳನ್ನೂ ಎಣಿಸಿ ಕೊಡ್ತೀನಿ. ಶನಿವಾರ ಹಳಬರು ಹೋಗಿ ಹೊಸಬರು ಬರೋ ದಿನ. ಕ್ಯಾಬಿನ್ ತೊಳೆದು ಹಾಸಿಗೆ ಬದಲಿಸೋದರಲ್ಲೇ ಹೊತ್ತು ಮುಳುಗುತ್ತೆ. ಸಂಜೆ ಮೀನು ಕೊಯ್ಯೋ ಕೆಲಸ. ಯಾವ ಜಾತಿ ಅಂತ ಗೊತ್ತಾಗಲಿ ಅಂತ ಪ್ರತಿ ತುಂಡಿನ ಮೇಲೂ ಒಂದಿಷ್ಟು ಚರ್ಮ ಬಿಡಲೇಬೇಕು, ಇಲ್ಲಿ ಕಾನೂನೇ ಹಾಗೆ. ಕರಡಿ ಬರುತ್ತೆ ಅಂತ ಕರುಳು-ಮುಳ್ಳನ್ನೆಲ್ಲ ದೂರ ಸಾಗಿಸ್ತೀವಿ.

ಎಲ್ಲರೂ ಬರೋದು ವಾಲೈ ಅನ್ನೋ ಮೀನಿಗೆ. ಊರವರು ಪಿಕೆರೆಲ್ ಅಂತಾರೆ. ಬಂಗಾರ ಬೆರೆತ ಹಸಿರು ಮೈ, ಬಾಲದ ಕೆಳತುದಿಯಲ್ಲಿ ಬಿಳಿ ಚುಕ್ಕೆ, ಚೂಪು ಹಲ್ಲು. ಬೆಕ್ಕಿನ ಹಾಗೆ ಇದರ ಕಣ್ಣಿನ ಹಿಂದೆಯೂ ಬೆಳಕನ್ನು ಹಿಂದಿರುಗಿಸೋ ಪದರ ಇದೆ. ಮಬ್ಬಲ್ಲೂ ಚೆನ್ನಾಗಿ ಕಾಣುತ್ತೆ, ಹಾಗಾಗಿ ಬೇಟೆ ಹೆಚ್ಚಾಗಿ ಬೆಳಗಿನ ಜಾವ, ಮುಸ್ಸಂಜೆ. ಬಿಸಿಲಲ್ಲೂ ಕಚ್ಚಬೇಕಾದರೆ ಗಾಳಿ ಬೇಕು, ಸಣ್ಣ ಅಲೆ ಎದ್ದು ಬೆಳಕನ್ನು ಒಡೀಬೇಕು.

ಜೂನಲ್ಲಿ ದಂಡೆ ಹತ್ತಿರವೇ ಇದ್ದ ಮೀನುಗಳು ಈಗ ಸರೋವರದ ನಡುವಿನ ಕಲ್ಲುದಿಬ್ಬಗಳಿಗೆ ಇಳಿದಿವೆ. ಕಾಲು ಔನ್ಸಿನ ಜಿಗ್‌ಗೆ, ಅಂದರೆ ತೂಕದ ಗುಂಡಿರೋ ಗಾಳಕ್ಕೆ, ಮಿನ್ನೋ ಚುಚ್ಚಿ ತಳ ಮುಟ್ಟಿಸಿ, ಒಂದು ಗೇಣು ಎತ್ತಿ, ಮತ್ತೆ ಇಳಿಸಬೇಕು. ಕಚ್ಚಿದಾಗ ಜಗ್ಗೋದೇ ಇಲ್ಲ ಕಣೋ. ಬೆರಳಿಗೆ 'ಟಕ್' ಅಂದ ಹಾಗಾಗುತ್ತೆ, ಅಷ್ಟೇ.

ಆದರೆ ಆಳದಲ್ಲಿ ಸಿಗುತ್ತೆ ಅಂತ ಆಳಕ್ಕೇ ಹೋಗೋದು ನನಗೆ ಸರಿ ಕಾಣಲ್ಲ. ವಾಲೈ ತೇಲೋಕೆ ಹೊಟ್ಟೆಯೊಳಗಿರೋ ಗಾಳಿಚೀಲಕ್ಕೂ ಅದರ ಗಂಟಲಿಗೂ ದಾರಿಯಿಲ್ಲ, ಗಾಳಿಯನ್ನು ಬೇಗ ಹೊರಗೆ ಬಿಡಲಾರದು. 30 ಅಡಿಗಿಂತ ಕೆಳಗಿಂದ ಎಳೆದು ತಂದರೆ ಚೀಲ ಉಬ್ಬುತ್ತೆ, ಕಣ್ಣು ಹೊರಗೆ ಬರುತ್ತೆ, ಕೆಲವಕ್ಕೆ ಹೊಟ್ಟೆಯೇ ಬಾಯಿಗೆ ಬರುತ್ತೆ. ಬಿಟ್ಟರೂ ಮುಳುಗಲಾರದೆ ನೀರ ಮೇಲೆ ಒದ್ದಾಡುತ್ತೆ, ಕಡಲಹಕ್ಕಿಗಳು ಕಾದೇ ಇರ್ತವೆ. ಈ ಸರೋವರದಲ್ಲಿ 46ರಿಂದ 53 ಸೆಂಟಿಮೀಟರ್ ಉದ್ದದ ವಾಲೈ ಬಿಡಲೇಬೇಕು, ಮೊಟ್ಟೆ ಇಡೋ ಹೆಣ್ಣುಗಳು ಉಳೀಲಿ ಅಂತ. ಸಾಯೋ ಮೀನನ್ನು ನೀರಿಗೆ ಬಿಟ್ಟು ಕಾನೂನು ಪಾಲಿಸಿದೆ ಅಂದುಕೊಂಡರೆ ಯಾರಿಗೆ ಏನು ಬಂತು? ನಮ್ಮ ಗೈಡ್ 25 ಅಡಿ ದಾಟಿದರೆ ದೋಣಿ ತಿರುಗಿಸಿಬಿಡ್ತಾರೆ. ದೊಡ್ಡ ಮೀನು ಬೇಕೇ ಬೇಕು ಅಂತ ಹಟ ಹಿಡಿದವರ ಮುಂದೆಯೂ ಅಷ್ಟೇ.

ಈ ಗೈಡ್ ಲ್ಯಾಕ್ ಸೂಲ್ ಫಸ್ಟ್ ನೇಷನ್‌ನವರು, ಇಲ್ಲಿನ ಮೂಲನಿವಾಸಿಗಳಾದ ಅನಿಶಿನಾಬೆ ಜನ. ದಂಡೆಗುಂಟ ನೀರಲ್ಲಿ ನಿಂತ ಮರದ ಬೊಡ್ಡೆಗಳನ್ನು ತೋರಿಸಿ ಅವರೇ ಹೇಳಿದ್ದು: 1929ರಲ್ಲಿ ವಿನಿಪೆಗ್ ನಗರದ ಕರೆಂಟಿಗಾಗಿ ಇಯರ್ ಫಾಲ್ಸ್‌ನಲ್ಲಿ ಅಣೆಕಟ್ಟು ಕಟ್ಟಿದಾಗ ನೀರು ಹತ್ತು ಅಡಿ ಏರಿ ಅವರ ಮೀಸಲು ಭೂಮಿಯ ಹತ್ತಿರಹತ್ತಿರ ಐದನೇ ಒಂದು ಪಾಲು ಮುಳುಗಿತಂತೆ. ಮನೆ, ಸಮಾಧಿ, ಕಾಡುಭತ್ತದ ಗದ್ದೆ, ಎಲ್ಲ. ಕೆಜಿಕ್ ಬೇ ಅನ್ನೋ ಊರು ದ್ವೀಪವಾಯ್ತು. ಪರಿಹಾರ ಸಾಲದು, ಹೊಸದಾಗಿ ಲೆಕ್ಕ ಹಾಕಿ ಅಂತ ಕೆನಡಾದ ಸುಪ್ರೀಂ ಕೋರ್ಟ್ ಹೇಳಿದ್ದು 2021ರಲ್ಲಿ! ಲಿಂಗನಮಕ್ಕಿಯ ಹಿನ್ನೀರು ನೋಡ್ತಾ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಯಲ್ಲೂ ಬೇಸಿಗೆಗೆ ಹೀಗೇ ಬೊಡ್ಡೆಗಳು ಏಳ್ತವಲ್ಲ. ಅದಕ್ಕೇ ಈ ನೀರನ್ನು ಬರೀ ರಜೆಯ ಜಾಗ ಅಂತ ನೋಡೋಕೆ ನನ್ನಿಂದ ಆಗ್ತಿಲ್ಲ.

ಮಧ್ಯಾಹ್ನ ಬಂಡೆ ಮೇಲೆ ಬೆಂಕಿ ಹಾಕಿ ಹಂದಿಕೊಬ್ಬಲ್ಲಿ ಮೀನು, ಆಲೂಗಡ್ಡೆ, ಈರುಳ್ಳಿ ಕರಿದು ತಿಂತೀವಿ. ಮುಳ್ಳು ಕಡಿಮೆ ಇರೋ ಬಿಳಿ ಮಾಂಸ. ಖಾರ ಮಾತ್ರ ನಾನೇ ಒಯ್ಯಬೇಕು.

ಮುಂದಿನ ವರ್ಷ ನೀನು ಬರೋದಾದರೆ ಕನ್ಸರ್ವೇಶನ್ ಲೈಸೆನ್ಸ್ ತಗೋ. ಮೀನು ಹಿಡಿಯೋಕೆ ಇಲ್ಲಿ ಎರಡು ಬಗೆಯ ಲೈಸೆನ್ಸ್: ಸ್ಪೋರ್ಟ್ ಲೈಸೆನ್ಸಿದ್ದರೆ ನಾಲ್ಕು ವಾಲೈ ಇಟ್ಟುಕೊಳ್ಳಬಹುದು, ಇದಕ್ಕೆ ಎರಡೇ. ಒಬ್ಬ ಮನುಷ್ಯನ ಊಟಕ್ಕೆ ಎರಡು ಧಾರಾಳ ಸಾಕು. ದಪ್ಪ ಜಾಕೆಟ್ ಮರೀಬೇಡ, ಅಮ್ಮನ ಕೈಯ ಸಾರಿನ ಪುಡಿ ಅಂತೂ ಮರೀಲೇಬೇಡ.

ನಿನ್ನ,
ಗೆಳೆಯ