ಗುಣಮಟ್ಟದ ಹೊಣೆ ಹೊತ್ತ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ವೈದ್ಯಕೀಯ ವಿಶ್ವವಿದ್ಯಾಲಯದ ಗುಣಮಟ್ಟ ವಿಭಾಗವನ್ನು ನಿನಗೆ ವಹಿಸಿದ್ದಾರೆಂದು ತಿಳಿದು ತುಂಬ ಸಂತೋಷವಾಯಿತು. ಪಾಠ ಮಾಡುವುದು, ರೋಗಿಗಳನ್ನು ನೋಡುವುದು ನಿನಗೆ ಹೊಸದಲ್ಲ. ಈ ಕೆಲಸ ಮಾತ್ರ ಬೇರೆ. ಇಲ್ಲಿ ಎಡವಿದರೆ ಪೆಟ್ಟು ಬೀಳುವುದು ಮುಂದೆಂದೋ, ನೀನು ಕಂಡೇ ಇರದ ರೋಗಿಗೆ.

ಮೊದಲು ಅಂಕಿಗಳನ್ನು ಓದಲು ಕಲಿ. ಶೇಕಡಾ ಎಷ್ಟು ಮಂದಿ ಪಾಸಾದರು ಎಂಬಲ್ಲಿಗೇ ನಿಲ್ಲಬೇಡ, ಒಂದೊಂದು ಪ್ರಶ್ನೆಯನ್ನೂ ಬಿಡಿಸಿ ನೋಡು. ಚೆನ್ನಾಗಿ ಓದುವವರು ತಪ್ಪು ಮಾಡಿ, ಓದಿನಲ್ಲಿ ಹಿಂದುಳಿದವರು ಸರಿ ಗುರುತು ಹಾಕಿದ್ದರೆ, ಕೀ ಉತ್ತರವೇ ತಪ್ಪಿರಬಹುದು ಅಥವಾ ಪ್ರಶ್ನೆಯೇ ಗೊಂದಲದ್ದಾಗಿರಬಹುದು. ಓಎಸ್‌ಸಿಇ ಎಂಬ, ವಿದ್ಯಾರ್ಥಿ ಒಂದೊಂದೇ ಸ್ಟೇಷನ್ನಿಗೆ ಹೋಗಿ ಅಲ್ಲಿ ಹೇಳಿದ ಕೆಲಸ ಮಾಡಿ ತೋರಿಸುವ, ಪರೀಕ್ಷಕರು ಚೆಕ್‌ಲಿಸ್ಟ್ ಹಿಡಿದು ಅಂಕ ಹಾಕುವ ಪರೀಕ್ಷೆಯನ್ನು 1975ರಲ್ಲಿ ವೈದ್ಯಶಿಕ್ಷಣ ತಜ್ಞ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಮುಂದಿಟ್ಟಿದ್ದು ಮೌಲ್ಯಮಾಪನ ಪರೀಕ್ಷಕರ ಮರ್ಜಿಗೆ ಬೀಳದಿರಲಿ ಎಂದು. ಆದರೆ ಒಂದೇ ಸ್ಟೇಷನ್ನಿನಲ್ಲಿ, ಕೈ ತೊಳೆಯದೆ ರೋಗಿಯನ್ನು ಮುಟ್ಟಿದವನಿಗೆ ಬೆಳಗಿನ ಪರೀಕ್ಷಕರು ಪೂರ್ತಿ ಅಂಕ ಕೊಟ್ಟು, ಮಧ್ಯಾಹ್ನದವರು ಅದಕ್ಕೇ ಅಂಕ ಕಳೆದರೆ ಚೆಕ್‌ಲಿಸ್ಟ್ ಇದ್ದೂ ಏನು ಬಂತು? ಪರೀಕ್ಷಕರನ್ನೆಲ್ಲ ಮೊದಲೇ ಕೂರಿಸಿ, ಒಂದೇ ವಿಡಿಯೊ ತೋರಿಸಿ ಅಂಕ ಹಾಕಿಸು. ಎಲ್ಲಿ ವ್ಯತ್ಯಾಸ ಬಂತೆಂದು ಅವರನ್ನೇ ಮಾತಾಡಿಸು.

ಹೀಗೆ ಮಾತಾಡಿಸುವುದೇ ಎಲ್ಲಕ್ಕಿಂತ ಕಷ್ಟದ ವಿದ್ಯೆ ಎಂದು ನನಗನ್ನಿಸುತ್ತದೆ. ಹಿರಿಯ ಪ್ರಾಧ್ಯಾಪಕರ ಮುಂದೆ ತನಿಖೆಗೆ ಬಂದವಳಂತೆ ನಿಲ್ಲಬೇಡ. ಅವರ ವಾರ್ಡಿನ ಪಾಠಕ್ಕೆ ಹೋಗಿ ಕೂತು ನೋಡು, ಆಮೇಲೆ ಕೇಳು. ತಪ್ಪು ಹೇಳಿಕೊಂಡ ರೆಸಿಡೆಂಟನ್ನು (ತರಬೇತಿಯಲ್ಲಿರುವ ಕಿರಿಯ ವೈದ್ಯನನ್ನು) ಶಿಕ್ಷಿಸುವ ಕಡೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ, ನಿನ್ನ ವರದಿಗಳಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ವೈದ್ಯ ಅವೆಡಿಸ್ ಡೊನಬೇಡಿಯನ್ 1966ರಲ್ಲಿ ವೈದ್ಯಕೀಯ ಸೇವೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂದು ಮೂರಾಗಿ ನೋಡಲು ಹೇಳಿಕೊಟ್ಟ. ರಚನೆಯನ್ನು, ಅಂದರೆ ಕಟ್ಟಡ, ಹಾಸಿಗೆ, ಬೋಧಕರನ್ನು ಎಣಿಸುವುದು ಸುಲಭ, ಹಾಗಾಗಿ ಎಲ್ಲರೂ ಅಲ್ಲೇ ನಿಂತುಬಿಡುತ್ತಾರೆ. ನಿನ್ನ ಗಮನ ನಡುವಿನ ಪ್ರಕ್ರಿಯೆಯ ಮೇಲಿರಲಿ, ಅಂದರೆ ಪಾಠ, ಪರೀಕ್ಷೆಗಳು ನಿಜಕ್ಕೂ ಹೇಗೆ ನಡೆಯುತ್ತವೆ ಎಂಬುದರ ಮೇಲೆ. ವಿಶ್ವ ವೈದ್ಯಕೀಯ ಶಿಕ್ಷಣ ಒಕ್ಕೂಟದ 2020ರ ಮಾನದಂಡಗಳೂ ಹೀಗೇ ಮಾಡಿ ಎಂದು ಕಟ್ಟಪ್ಪಣೆ ಮಾಡುವುದಿಲ್ಲ, ತತ್ವ ಹೇಳಿ ವಿವೇಚನೆಯನ್ನು ಸಂಸ್ಥೆಗೇ ಬಿಡುತ್ತವೆ. ಆ ವಿವೇಚನೆ ನೀನೇ ಬೆಳೆಸಿಕೊಳ್ಳಬೇಕು.

ಇನ್ನೊಂದು ಮಾತು. ವಿದ್ಯಾರ್ಥಿಗಳಿಂದ ಅಭಿಪ್ರಾಯ ಪಡೆದರೆ, ಅದರಿಂದ ಏನು ಬದಲಾಯಿತೆಂದು ಅವರಿಗೆ ತಿಳಿಸಲೇಬೇಕು. ಬದಲಾಯಿಸಲು ಆಗದಿದ್ದರೆ ಕಾರಣವನ್ನಾದರೂ ಹೇಳು. ಉತ್ತರ ಸಿಗದ ಮಕ್ಕಳು ಮುಂದಿನ ಸಲ ಕಣ್ಣುಮುಚ್ಚಿ ಟಿಕ್ ಹಾಕುತ್ತಾರೆ, ಆ ಅಂಕಿಗಳನ್ನು ಇಟ್ಟುಕೊಂಡು ನೀನೇನು ಮಾಡುತ್ತೀ?

ಸದ್ಯಕ್ಕೆ ಹೊಸ ನಮೂನೆ ಯಾವುದನ್ನೂ ತರಬೇಡ. ಈಗಿರುವವುಗಳಲ್ಲಿ ತುಂಬಿಸಿದ ಮೇಲೆ ಯಾರೂ ಓದದಿರುವುದು ಯಾವುದೆಂದು ಪಟ್ಟಿ ಮಾಡಿ ಕುಲಪತಿಗಳ ಮುಂದಿಡು. ಅವರು ಏನಂದರೆಂದು ನನಗೆ ಬರೆ.

ಇಂತಿ,
ನಿನ್ನ ಅಪ್ಪ