ಕಡಲಂಚಿಗೆ ಫೈಬರ್‌ಗ್ಲಾಸ್ ಕಂಬ ಬರಲಿ

ಮಾನ್ಯರೆ,

ಕಾರವಾರದಿಂದ ಭಟ್ಕಳದವರೆಗೆ ಕಡಲಂಚಿನ ಊರುಗಳ ಕರೆಂಟ್ ಕಂಬಗಳನ್ನು ಸ್ವಲ್ಪ ನಿಂತು ನೋಡಿ. ಕಬ್ಬಿಣದ ಕಂಬಕ್ಕೆ ಬುಡದಲ್ಲೇ ತುಕ್ಕು. ಕಾಂಕ್ರೀಟ್ ಕಂಬವೂ ಪಾರಾಗಿಲ್ಲ. ಉಪ್ಪುಗಾಳಿಯ ತೇವ ಸಣ್ಣ ಬಿರುಕಿನಿಂದ ಒಳಗೆ ಇಳಿಯುತ್ತದೆ. ಒಳಗಿನ ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಮೇಲಿನ ಕಾಂಕ್ರೀಟ್ ಚಕ್ಕೆಚಕ್ಕೆಯಾಗಿ ಉದುರುತ್ತದೆ. ಆಮೇಲೆ ಒಂದು ಜೋರು ಗಾಳಿ ಸಾಕು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಕಂಬಗಳು ಉರುಳಿದ್ದು ಇಲ್ಲಿನವರಿಗೆ ಇನ್ನೂ ನೆನಪಿದೆ.

ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡುವ ಫೈಬರ್‌ಗ್ಲಾಸ್ ಕಂಬಕ್ಕೆ ತುಕ್ಕಿಲ್ಲ, ಗೆದ್ದಲಿನ ಭಯವೂ ಇಲ್ಲ. ಅದರಲ್ಲಿ ಕರೆಂಟ್ ಸುಲಭವಾಗಿ ಹರಿಯುವುದಿಲ್ಲ. ಮಳೆಗಾಲದಲ್ಲಿ ಕಂಬ ಮುಟ್ಟಿ ಜನ, ದನಕರು ಸಾಯುವ ಸುದ್ದಿ ಓದುವ ನಮಗೆ ಇದು ಸಣ್ಣ ಮಾತಲ್ಲ. ತೂಕವೂ ಕಾಂಕ್ರೀಟ್ ಕಂಬಕ್ಕಿಂತ ತುಂಬಾ ಕಡಿಮೆ. ಜೋಯಿಡಾ, ಶಿರಸಿ ಕಡೆಯ ಎಷ್ಟೋ ಮಜಿರೆಗಳಿಗೆ ಲಾರಿ ಹೋಗುವುದೇ ಕಷ್ಟ, ಅಲ್ವಾ? ಅಂಥ ಕಡೆ ಜನರೇ ಹೊತ್ತೊಯ್ದು ನಿಲ್ಲಿಸಬಹುದು.

ಮೊದಲಿಗೆ ಬೆಲೆ ಜಾಸ್ತಿ, ನಿಜ. ಬಿಸಿಲಿಗೆ ಮೈ ಹಾಳಾಗದಂತೆ ಒಳ್ಳೆಯ ಲೇಪನವೂ ಇರಲೇಬೇಕು. ಆದರೆ ಕಂಬ ಮತ್ತೆ ಮತ್ತೆ ಬದಲಿಸುವ ಖರ್ಚನ್ನೂ ಸಂಬಂಧಪಟ್ಟವರು ಲೆಕ್ಕ ಹಾಕಲಿ. ಕಡಲ ದಂಡೆಯ ಲೈನ್‌ಗಳಲ್ಲಾದರೂ ಮೊದಲು ಹಾಕಿ ನೋಡಲಿ.

— ಓದುಗ, ಅಂಕೋಲಾ